ನಮ್ಮ ಕಡತದ ಕೀಲಿಕೈ ಯಾರ ಕೈಯಲ್ಲಿ?



ಉದ್ದದ ಪೋಸ್ಟ್. ಪುರುಸೊತ್ತು ಇದ್ದಾಗ ಓದಿ, ಆದ್ರೆ ಪೂರ್ತಿ ಓದಿ. ಮೇಲ್ನೋಟಕ್ಕೆ ಇದು ಕಂಪ್ಯೂಟರ್ ವಿಚಾರ. "ನಮ್ಗೆ ಎಂತಕೆ ಮಾರಾಯ್ರೆ ಅದೆಲ್ಲ" ಅಂತ ಬೆರಳಲ್ಲಿ ತಳ್ಳಿ ಮುಂದೆ ಹೋಗುವ ವಿಚಾರ. ಹಾಗೆ ತಳ್ಳಿ ತಳ್ಳಿಯೇ ಎಷ್ಟೋ ವಿಚಾರಗಳು ನಮ್ಮ ಕೈ ತಪ್ಪಿ ಹೋಗಿವೆ. ಅದಕ್ಕೇ ಬರೀತಿದ್ದೇನೆ.

ಪ್ರಶ್ನೆ ಇಷ್ಟೇ. ಕೋಟೇಶ್ವರದ ನಮ್ಮ ಸಣ್ಣ ಕಚೇರಿಯಲ್ಲಿ ನಾಲ್ಕು ಹಳೇ ಕಂಪ್ಯೂಟರ್ ಇವೆ. ಇನ್ನು ಮುಂದೆ ಅವುಗಳಲ್ಲಿ ಯಾವ ಆಪರೇಟಿಂಗ್ ಸಿಸ್ಟಂ ಇರಬೇಕು? ವಿಂಡೋಸಾ, ಲಿನಕ್ಸಾ? ಇದು ನಮ್ಮೊಬ್ಬರ ಪ್ರಶ್ನೆ ಅಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ಅರ್ಜಿ ಬರೆದುಕೊಡುವ, ಸ್ಕಾಲರ್‌ಶಿಪ್ ಫಾರಂ ತುಂಬಿಸುವ, ಕರಪತ್ರ ಟೈಪ್ ಮಾಡುವ ಪ್ರತಿಯೊಂದು ಸಂಘಟನೆಯ ಪ್ರಶ್ನೆ.

ಯಾಕೆ ಈಗ? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಒಂದು ವರ್ಷ ಮುಂದೂಡುವ ವ್ಯವಸ್ಥೆಯೊಂದನ್ನು ಕಂಪನಿ ಇಟ್ಟಿದೆ, ಅದು ಮುಂದೂಡಿಕೆ ಅಷ್ಟೇ. ವಿಂಡೋಸ್ 11 ಹಾಕಬೇಕಂದ್ರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಹೆಚ್ಚುಕಡಿಮೆ 2018ರಿಂದ ಈಚೆಗಿನ ಪ್ರೊಸೆಸರ್ ಬೇಕು. ಅದಕ್ಕಿಂತ ಹಳೆಯ ಮೆಶಿನ್ನು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅದು ಲೆಕ್ಕಕ್ಕಿಲ್ಲ. ಯಾರೋ ದಾನ ಕೊಟ್ಟ, ಯಾವುದೋ ಆಫೀಸಿನವರು ಹರಾಜಿಗೆ ಹಾಕಿದ ಕಂಪ್ಯೂಟರಿನಲ್ಲಿ ಕೆಲಸ ನಡೆಸುವವರು ನಾವು. ಅಂದ್ರೆ ಈ ಗೆರೆ ಎಲ್ಲಿ ಎಳೆದರೂ ನಾವು ಆಚೆ ಬದಿಗೇ ಬೀಳ್ತೇವೆ.

ಈ ಬಗ್ಗೆ ಸಂಗಾತಿಗಳ ನಡುವೆ ಮಾತು ಬಂದಾಗೆಲ್ಲ ಮೂರು ಅಭಿಪ್ರಾಯ ಕೇಳಿಬರ್ತವೆ. ಒಂದು: ಪೇಟೆಯಲ್ಲಿ ಹುಡುಗರಿದ್ದಾರೆ, ಕ್ರಾಕ್ ಹಾಕಿ ಕೊಡ್ತಾರೆ, ಮುಗೀತು. ಎರಡು: ಚಂದಾ ಎತ್ತಿ ಹೊಸ ಕಂಪ್ಯೂಟರ್ ತಕೊಳ್ಳುವ, ವಿಂಡೋಸ್ ಗೊತ್ತಿದ್ರೆ ಮಾತ್ರ ನಮ್ಮ ಮಕ್ಕಳಿಗೆ ಕೆಲಸ ಸಿಗೋದು. ಮೂರು: ಲಿನಕ್ಸ್ ಅಂದ್ರೆ ಬೆಂಗಳೂರಿನ ಇಂಜಿನಿಯರುಗಳ ಖಯಾಲಿ, ನಮ್ಮಂಥವರಿಗೆ ಅಲ್ಲ. ಮೂರನ್ನೂ ಒಂದೊಂದಾಗಿ ನೋಡುವ. ಅದಕ್ಕೂ ಮೊದಲು ನಾವು ಎಂತ ಆರಿಸ್ತಾ ಇದ್ದೇವೆ ಅನ್ನುವುದು ಸ್ಪಷ್ಟ ಆಗಲಿ.

ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸೋದು ಸುಲಭ. ಮೂಲಗೇಣಿ, ಚಾಲಗೇಣಿ ಅಂತ ಕೇಳಿದ್ದೀರಿ. ಮೂಲಗೇಣಿಯವನಿಗೆ ಗೇಣಿ ನಿಗದಿ, ಒಕ್ಕಲು ಶಾಶ್ವತ. ಚಾಲಗೇಣಿಯವನು ಧಣಿಯ ಮರ್ಜಿಯ ಮೇಲೆ ಬದುಕಬೇಕು. ಗೇಣಿ ಏರಿಸಿದರೆ ಕೊಡಬೇಕು, ಬಿಟ್ಟುಹೋಗು ಅಂದ್ರೆ ಬಿಟ್ಟುಹೋಗಬೇಕು. ವಿಂಡೋಸ್ ಎಂಬುದು ಚಾಲಗೇಣಿ. ನೀವು ದುಡ್ಡು ಕೊಟ್ಟು ತಂದದ್ದು ತಂತ್ರಾಂಶ ಅಲ್ಲ, ಅದನ್ನು ಬಳಸುವ ಪರವಾನಗಿ ಮಾತ್ರ. ಇದು ನನ್ನ ಕೊಂಕು ಅಲ್ಲ, ಅವರ ಒಪ್ಪಂದದಲ್ಲೇ ಬರೆದಿರುವ ಮಾತು. ಒಳಗೆ ಎಂತ ನಡೀತದೆ ನೋಡುವ ಹಾಗಿಲ್ಲ, ತಿದ್ದುವ ಹಾಗಿಲ್ಲ, ನೆರೆಮನೆಯವರಿಗೆ ಪ್ರತಿ ಮಾಡಿ ಕೊಡುವ ಹಾಗಿಲ್ಲ. ಯಾವ ದಿನ ಬೆಂಬಲ ನಿಲ್ಲಿಸಬೇಕು ಅಂತ ತೀರ್ಮಾನಿಸೋದು ಧಣಿ.

ಲಿನಕ್ಸಿನ ಕತೆ ಬೇರೆ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅಮೆರಿಕದಲ್ಲಿ ಗ್ನೂ ಯೋಜನೆ ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್ ತಿರುಳನ್ನು ಬರೆದು ಹಂಚಿದರು. ಎರಡೂ ಸೇರಿ ಆದದ್ದನ್ನು ಲೋಕದ ಸಾವಿರಾರು ಜನ ಬೆಳೆಸಿದರು. ಅದನ್ನು ಯಾರೂ ಬಳಸಬಹುದು, ಒಳಗೆ ನೋಡಬಹುದು, ತಿದ್ದಬಹುದು, ಹಂಚಬಹುದು. ಧಣಿ ಇಲ್ಲ. 2017ರಿಂದ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ ಇರುವುದೆಲ್ಲ ಲಿನಕ್ಸೇ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. "ನಮ್ಗೆ ಅದು ಬರುದಿಲ್ಲ" ಅಂತ ಹೇಳುವವರು ಆ ಮಾತನ್ನು ಟೈಪ್ ಮಾಡ್ತಾ ಇರೋದು ಅದರ ಮೇಲೇ.

ಈಗ ಮೊದಲನೇ ಅಭಿಪ್ರಾಯ, ಕ್ರಾಕ್.

ಕ್ರಾಕ್ ಅಂದ್ರೆ ಬಡವರ ಹಕ್ಕು ಅಂತ ಕೆಲವರು ವಾದಿಸ್ತಾರೆ. ಕೋಟಿಗಟ್ಟಲೆ ಲಾಭ ಮಾಡುವ ಕಂಪನಿಗೆ ನಾವ್ಯಾಕೆ ಕೊಡಬೇಕು ಅಂತ. ನೈತಿಕತೆಯ ಪಾಠ ಹೇಳಲು ನನಗೂ ಇಷ್ಟ ಇಲ್ಲ. ನನ್ನ ತಕರಾರು ಬೇರೆ. ಬೀಗ ಒಡೆದು ಕೊಡುವ ಆ ಫೈಲನ್ನು ಬರೆದವನು ಯಾರು? ಪುಕ್ಕಟೆ ಯಾಕೆ ಕೊಟ್ಟ? ಜೊತೆಗೆ ಎಂತ ತುಂಬಿಸಿ ಕಳಿಸಿದ? ಗೊತ್ತಿಲ್ಲ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ವೈರಸ್ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳ ಕಡತಗಳನ್ನು ಬೀಗ ಹಾಕಿ ಹಣ ಕೇಳಿತು. ಸಿಕ್ಕಿಬಿದ್ದದ್ದು ಅಪ್‌ಡೇಟ್ ಆಗದ ವಿಂಡೋಸ್ ಮೆಶಿನ್ನುಗಳು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ನರಳಿದವು, ತಿರುಪತಿ ದೇವಸ್ಥಾನದ ಹಳೆ ಕಂಪ್ಯೂಟರುಗಳೂ ಬಿಡಲಿಲ್ಲ. ತಿಮ್ಮಪ್ಪನ ಕಡತಕ್ಕೇ ಉಳಿಗಾಲ ಇಲ್ಲದಿದ್ದ ಮೇಲೆ ನಮ್ಮ ಡಿಸಿ ಮನ್ನಾ ಕಡತಕ್ಕೆ ಯಾರು ಕಾವಲು?

ನಮ್ಮ ಮಟ್ಟಿಗೆ ಇದಕ್ಕಿಂತ ದೊಡ್ಡ ಪಾಠ ಭೀಮಾ ಕೋರೆಗಾಂವ್ ಪ್ರಕರಣದ್ದು. ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಎಂಬ ವಿಧಿವಿಜ್ಞಾನ ಸಂಸ್ಥೆ 2021ರಲ್ಲಿ ಬಹಿರಂಗವಾದ ವರದಿಯಲ್ಲಿ ಹೇಳಿದ್ದು ಇದು: ರೋನಾ ವಿಲ್ಸನ್ ಅವರ ಲ್ಯಾಪ್‌ಟಾಪಿಗೆ ಇಮೇಲ್ ಮೂಲಕ ನೆಟ್‌ವೈರ್ ಎಂಬ ಕಳ್ಳ ತಂತ್ರಾಂಶ ಹೊಕ್ಕಿತು, 22 ತಿಂಗಳು ಒಳಗೇ ಇತ್ತು, ಅದರ ಮೂಲಕ ಕಡತಗಳನ್ನು ತಂದು ಇಡಲಾಯಿತು. ನಾಗಪುರದ ದಲಿತ ವಕೀಲ ಸುರೇಂದ್ರ ಗಾಡ್ಲಿಂಗ್ ಅವರ ಕಂಪ್ಯೂಟರ್ ಬಗ್ಗೆಯೂ ಅಂಥದ್ದೇ ವರದಿ ಬಂತು. ತನಿಖಾ ಸಂಸ್ಥೆ ಇದನ್ನು ಒಪ್ಪಿಲ್ಲ. ನ್ಯಾಯಾಲಯ ಏನು ಹೇಳ್ತದೋ ಹೇಳಲಿ. ಆದ್ರೆ ಹೋರಾಟಗಾರರ ಕಂಪ್ಯೂಟರ್ ಅಂದ್ರೆ ಬರೀ ಟೈಪಿಂಗ್ ಮೆಶಿನ್ನು ಅಲ್ಲ ಅಂತ ತಿಳಿಯಲು ತೀರ್ಪಿಗೆ ಕಾಯಬೇಕಾಗಿಲ್ಲ.

ಇಲ್ಲಿ ಒಂದು ಮಾತು ಖಡಾಖಂಡಿತ ಹೇಳ್ತೇನೆ. ಲಿನಕ್ಸ್ ಹಾಕಿದ ಕೂಡ್ಲೇ ಯಾರೂ ಒಳಗೆ ಬರಲಾರರು ಅನ್ನೋದು ಸುಳ್ಳು. ಇಂಥ ಕಳ್ಳ ತಂತ್ರಾಂಶಗಳು ಲಿನಕ್ಸಿಗೂ ಇವೆ. ಗೊತ್ತಿಲ್ಲದವರ ಇಮೇಲ್ ತೆರೆದರೆ ಯಾವ ಸಿಸ್ಟಂ ಇದ್ದರೂ ಕೆಟ್ಟದ್ದೇ. ಲಿನಕ್ಸ್ ಕೊಡುವುದು ಕೋಟೆ ಅಲ್ಲ, ಹಳೆ ಮೆಶಿನ್ನಿಗೂ ಕ್ರಮ ತಪ್ಪದೆ ಬರುವ ಅಪ್‌ಡೇಟು. ಲಿನಕ್ಸ್ ಮಿಂಟ್ 22 ಎಂಬ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಬರ್ತದೆ, ಅದಕ್ಕೆ ಕಾಸಿಲ್ಲ, ಚಿಪ್ಪು ಕೇಳುವುದಿಲ್ಲ. ಕ್ರಾಕ್ ಹಾಕಿದ ವಿಂಡೋಸ್ 10ಕ್ಕೆ ಎಷ್ಟು ದಿನ? ಹೇಳುವವರಿಲ್ಲ. ಅದರ ಮೇಲೆ, ಕದ್ದ ತಂತ್ರಾಂಶದ ಹೆಸರಲ್ಲಿ ಕೇಸು ಹಾಕಲು ಯಾರಿಗಾದರೂ ಮನಸ್ಸು ಬಂದರೆ ಆ ನೆಪವನ್ನು ನಾವೇ ಕೈಯಾರೆ ಕೊಟ್ಟ ಹಾಗೆ.

ಎರಡನೇ ಅಭಿಪ್ರಾಯ: "ನಮ್ಮ ಮಕ್ಕಳಿಗೆ ಕೆಲಸ ಸಿಗಬೇಕಲ್ದಾ?"

ಈ ಮಾತನ್ನು ನಾನು ಹಗುರವಾಗಿ ತಕೊಳ್ಳೋದಿಲ್ಲ. ಹಾಸ್ಟೆಲಿನಲ್ಲಿ ಓದಿ ಮೇಲೆ ಬಂದ ನಮ್ಮ ಹುಡುಗ ಹುಡುಗಿಯರಿಗೆ ಪ್ರಯೋಗ ಮಾಡುವ ಸೌಭಾಗ್ಯ ಇಲ್ಲ. ಮೊದಲ ಸಂಬಳ ಮನೆಗೆ ಬೇಕು. ಆದ್ರೆ ವಿಂಡೋಸ್ ಮಾತ್ರ ಕಲಿತರೆ ಮಾತ್ರ ಕೆಲಸ ಅನ್ನೋದು ನಿಜವಾ? ತಲಪಾಡಿ ಗಡಿ ದಾಟಿ ನೋಡಿ. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾಯಿತು. ಮೊದಲು ಅಲ್ಲೂ ವಿಂಡೋಸೇ. ಶಿಕ್ಷಕರ ಸಂಘಟನೆಗಳು, ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ತಕರಾರು ತೆಗೆದರು. ಕೆಲವೇ ವರ್ಷಗಳಲ್ಲಿ ಸರ್ಕಾರಿ ಶಾಲೆಗಳು ಪೂರ್ತಿ ಗ್ನೂ/ಲಿನಕ್ಸಿಗೆ ಬಂದವು. ಆ ಯೋಜನೆ ಈಗ ಕೈಟ್ ಎಂಬ ಸರ್ಕಾರಿ ಸಂಸ್ಥೆ ಆಗಿದೆ. ಅದು ತನ್ನದೇ ಲಿನಕ್ಸ್ ಆವೃತ್ತಿ ತಯಾರಿಸಿ ಶಾಲೆಗಳಿಗೆ ಹಂಚುತ್ತದೆ.

ಗಮನಿಸಬೇಕಾದ್ದು ಇದು. ಕಾಸರಗೋಡಿನ ಕನ್ನಡ ಮಾಧ್ಯಮದ ಮಗು ಕೂಡ ಅದನ್ನೇ ಕಲಿಯುತ್ತದೆ, ಅದರ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಕೂಲಿ ಮಾಡುವ ಅಪ್ಪ ಅಮ್ಮನ ಮಗು, ಬೀಡಿ ಕಟ್ಟುವವರ ಮಗು, ಎಲ್ಲರೂ ಪ್ರೌಢಶಾಲೆಯಲ್ಲೇ ಲಿನಕ್ಸಿನಲ್ಲಿ ಚಿತ್ರ ಬಿಡಿಸಿ, ಲೆಕ್ಕ ಹಾಕಿ, ಪ್ರೋಗ್ರಾಂ ಬರೆದು ಪರೀಕ್ಷೆ ಕೊಡ್ತಾರೆ. ಕೇರಳದ ಮಕ್ಕಳಿಗೆ ಕೆಲಸ ಸಿಗ್ತಾ ಇಲ್ವಾ? ಗಡಿಯ ಆಚೆಗಿನ ಕನ್ನಡ ಮಗುವಿನ ತಲೆಗೆ ಹತ್ತುವುದು ಈಚೆಗಿನ ನಮ್ಮ ಮಗುವಿನ ತಲೆಗೆ ಹತ್ತುವುದಿಲ್ಲ ಅಂತ ಹೇಳುವುದಾದರೆ, ಹಾಗೆ ಹೇಳುವವರು ಕಂಪ್ಯೂಟರ್ ಬಗ್ಗೆ ಮಾತಾಡ್ತಾ ಇಲ್ಲ, ನಮ್ಮ ಮಕ್ಕಳ ಬಗ್ಗೆ ಮಾತಾಡ್ತಾ ಇದ್ದಾರೆ.

ಇನ್ನೊಂದು ಲೆಕ್ಕ. ವಿಂಡೋಸಿನಲ್ಲಿ ಟೈಪ್ ಮಾಡಲು ಗೊತ್ತಿರುವ ಹುಡುಗ ಡಿಟಿಪಿ ಅಂಗಡಿಯಲ್ಲಿ ಕೂರುತ್ತಾನೆ. ಆ ಕೆಲಸಕ್ಕೆ ನನ್ನ ಗೌರವ ಇದೆ. ಆದ್ರೆ ಐಟಿ ಕಂಪನಿಗಳ ಸರ್ವರುಗಳಲ್ಲಿ, ಕ್ಲೌಡಿನಲ್ಲಿ ಹೆಚ್ಚಾಗಿ ಓಡುವುದು ಲಿನಕ್ಸ್. ಹೆಚ್ಚು ಸಂಬಳದ ಕೆಲಸ ಇರುವುದು ಅಲ್ಲಿ. ಎಂಟನೇ ಕ್ಲಾಸಿನಲ್ಲೇ ಅದರ ಕಪ್ಪು ಪರದೆ ನೋಡಿದ ಮಗು ಇಂಜಿನಿಯರಿಂಗಿಗೆ ಹೋದಾಗ ಹೆದರೋದಿಲ್ಲ. ನಾವು ನಮ್ಮವರನ್ನು ಯಾವ ಕುರ್ಚಿಗೆ ತಯಾರು ಮಾಡ್ತಿದ್ದೇವೆ ಅಂತ ಕೇಳ್ಕೊಳ್ಳಬೇಕು. ಯಾವಾಗಲೂ ಬೇರೆಯವರು ಹೇಳಿದ್ದನ್ನು ಟೈಪ್ ಮಾಡುವ ಕುರ್ಚಿಗೇನಾ?

ಮೂರನೇ ಅಭಿಪ್ರಾಯ: ಇದು ಇಂಜಿನಿಯರುಗಳ ಖಯಾಲಿ.

ತಮಿಳುನಾಡಿನ ಸಿ. ಉಮಾಶಂಕರ್ ಹೆಸರು ಎಷ್ಟು ಜನ ಕೇಳಿದ್ದೀರಿ? 1990ರ ತಂಡದ ಐಎಎಸ್ ಅಧಿಕಾರಿ, ದಲಿತ. ಎಲ್ಕಾಟ್ ಎಂಬ ಅಲ್ಲಿನ ಸರ್ಕಾರಿ ಎಲೆಕ್ಟ್ರಾನಿಕ್ಸ್ ನಿಗಮದ ಮುಖ್ಯಸ್ಥರಾಗಿದ್ದಾಗ, 2007ರ ಹೊತ್ತಿಗೆ, ಆ ಕಚೇರಿಯ ಕಂಪ್ಯೂಟರುಗಳನ್ನು ವಿಂಡೋಸಿನಿಂದ ಸೂಸೆ ಲಿನಕ್ಸಿಗೆ ತಂದರು. ಸರ್ಕಾರದ ಬೇರೆ ಇಲಾಖೆಗಳಿಗೂ ಅದೇ ದಾರಿ ತೋರಿಸಿದರು. ಇದೇ ಅಧಿಕಾರಿಯನ್ನು 2010ರಲ್ಲಿ ಸುಳ್ಳು ಜಾತಿ ಪ್ರಮಾಣಪತ್ರದ ಆರೋಪ ಹೊರಿಸಿ ಅಮಾನತು ಮಾಡಿದರು, ದಲಿತ ಸಂಘಟನೆಗಳು ಬೀದಿಗಿಳಿದವು, ಕೆಲವು ವಾರಗಳಲ್ಲಿ ಅಮಾನತು ಹಿಂದಕ್ಕೆ ಹೋಯಿತು. ಆ ಅಮಾನತಿಗೂ ಲಿನಕ್ಸಿಗೂ ನಾನು ಗಂಟು ಹಾಕ್ತಾ ಇಲ್ಲ. ಹೇಳೋದು ಇಷ್ಟು: ದೇಶದಲ್ಲಿ ಸರ್ಕಾರಿ ಕಚೇರಿಯೊಂದನ್ನು ಲಿನಕ್ಸಿಗೆ ಬದಲಾಯಿಸಿ ತೋರಿಸಿದ ಮೊದಲಿಗರಲ್ಲಿ ಒಬ್ಬರು ನಮ್ಮವರು. ನಮ್ಮವರಿಗೆ ಇದು ಆಗುವುದಿಲ್ಲ ಅನ್ನುವ ಮಾತಿಗೆ ಉತ್ತರ 2007ರ ಹೊತ್ತಿಗೇ ಬಂದಾಗಿದೆ.

ನಮ್ಮ ರಾಜ್ಯದ ಉದಾಹರಣೆ ಬೇಕಾ? ಬೆಂಗಳೂರಿನ ಗುರಪ್ಪನಪಾಳ್ಯದ ಹತ್ತಿರ ಸುದರ್ಶನ್ ಲೇಔಟ್ ಕೊಳಗೇರಿಯಲ್ಲಿ ಅಂಬೇಡ್ಕರ್ ಹೆಸರಿನಲ್ಲೇ ಒಂದು ಸಮುದಾಯ ಕಂಪ್ಯೂಟರ್ ಕೇಂದ್ರ ಶುರುವಾಯಿತು. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದ ಸ್ವಯಂಸೇವಕರು ಅದನ್ನು ನಡೆಸಿದರು. ಹಳೇ ಕಂಪ್ಯೂಟರು, ಅದರಲ್ಲಿ ಲಿನಕ್ಸು, ಕೂಲಿಕಾರರ ಮಕ್ಕಳು. ಆ ಮಕ್ಕಳು ಗಿಂಪ್ ಎಂಬ ತಂತ್ರಾಂಶದಲ್ಲಿ ಬಿಡಿಸಿದ ಚಿತ್ರಗಳು ಪ್ರದರ್ಶನ ಕಂಡವು. ಯಾವ ಮಗುವೂ ಇಂಜಿನಿಯರ್ ಆಗಿರಲಿಲ್ಲ.

ಕೇಂದ್ರ ಸರ್ಕಾರವನ್ನೇ ನೋಡಿ. ಸಿ-ಡ್ಯಾಕ್ ಸಂಸ್ಥೆ ಬಾಸ್ ಎಂಬ ಲಿನಕ್ಸ್ ತಯಾರಿಸಿತು. 2015ರಲ್ಲಿ ಮುಕ್ತ ತಂತ್ರಾಂಶಕ್ಕೇ ಆದ್ಯತೆ ಎಂಬ ನೀತಿ ಬಂತು. 2023ರಲ್ಲಿ ರಕ್ಷಣಾ ಸಚಿವಾಲಯ ತನ್ನ ಕಂಪ್ಯೂಟರುಗಳಲ್ಲಿ ವಿಂಡೋಸ್ ಬದಲು ಉಬುಂಟು ಆಧಾರದ ಮಾಯಾ ಎಂಬ ಸಿಸ್ಟಂ ಹಾಕಲು ಹೊರಟಿತು. ತನ್ನ ಗುಟ್ಟು ಕಾಯಲು ಬೇರೆಯವರ ಬೀಗ ಬೇಡ ಅಂತ ಸೇನೆಗೇ ಅನ್ನಿಸಿದೆ. ನಮ್ಮ ಗುಟ್ಟಿಗೆ ಬೆಲೆ ಇಲ್ವಾ?

ಈಗ ನಿಜವಾದ ವಿಷಯಕ್ಕೆ ಬರ್ತೇನೆ. ಇಷ್ಟು ಹೊತ್ತು ಹೇಳಿದ್ದು ಪೀಠಿಕೆ ಅಂತ ತಿಳ್ಕೊಳ್ಳಿ. ನಮ್ಮ ಕಚೇರಿಯ ಆಸ್ತಿ ಕಂಪ್ಯೂಟರ್ ಅಲ್ಲ. ಅದರೊಳಗಿರುವ ಕಡತ. ಡಿಸಿ ಮನ್ನಾ ಭೂಮಿಯ ಮನವಿಗಳು, 94ಸಿ ಅರ್ಜಿಗಳು, ಪಿಟಿಸಿಎಲ್ ಪ್ರಕರಣದ ಟಿಪ್ಪಣಿಗಳು, ದೌರ್ಜನ್ಯದ ದೂರುಗಳು, ಮಾಹಿತಿ ಹಕ್ಕಿನ ಅರ್ಜಿಗಳು, ತಾಲೂಕು ಕಚೇರಿಯಿಂದ, ಕುಂದಾಪುರದ ಎಸಿ ಕಚೇರಿಯಿಂದ ಬಂದ ಹಿಂಬರಹಗಳು. ಬ್ರಿಟಿಷರ ಕಾಲದಲ್ಲಿ ನಮ್ಮವರಿಗೆ ಅಂತ ಕಾದಿರಿಸಿದ ಭೂಮಿ ಯಾರ ಪಾಲಾಗಿದೆ ಅಂತ ತೋರಿಸಲು ಇರುವ ಆಧಾರ ಅದೇ. ಭೂಮಿ ಪ್ರಕರಣ ಒಂದು ವರ್ಷಕ್ಕೆ ಮುಗಿಯುವುದಲ್ಲ. ಇವತ್ತು ಟೈಪ್ ಮಾಡಿದ್ದನ್ನು ಇಪ್ಪತ್ತು ವರ್ಷದ ನಂತರ ಇನ್ನೊಬ್ಬಳು ಸಂಗಾತಿ ತೆರೆದು ಓದಲು ಆಗಬೇಕು.

ಆಗುತ್ತದಾ? ಹಳೆ ಕಡತಗಳಲ್ಲಿ ಹೆಚ್ಚಿನವು ನುಡಿ ಫಾಂಟಿನವು. ಕನ್ನಡ ಗಣಕ ಪರಿಷತ್ತು ತಯಾರಿಸಿದ ನುಡಿಯಿಂದ ಕನ್ನಡಕ್ಕೆ ಆದ ಉಪಕಾರ ದೊಡ್ಡದು. ಅದರ ಕೀಲಿಮಣೆ ವಿನ್ಯಾಸದ ಮೂಲ ನಮ್ಮ ಕರಾವಳಿಯವರೇ ಆದ ಕೆ.ಪಿ. ರಾವ್ ಅವರದ್ದು. ಆದ್ರೆ ಹಳೆಯ ನುಡಿ ಕಡತದಲ್ಲಿ 'ಕ' ಅಂತ ಕಾಣುವುದು ಕಂಪ್ಯೂಟರಿನ ಮಟ್ಟಿಗೆ ಕನ್ನಡದ ಕ ಅಲ್ಲ. ಅದು ಇಂಗ್ಲಿಷ್ ಅಕ್ಷರದ ಸಂಖ್ಯೆ, ಮೇಲೆ ಕನ್ನಡದ ವೇಷ. ಫಾಂಟ್ ತೆಗೆದರೆ ಅರ್ಥವಿಲ್ಲದ ಗೀಚು. ಫಾಂಟ್ ಇದ್ದರೂ ಕಡತ ಹುಡುಕಲು ಆಗುವುದಿಲ್ಲ. ಸಾವಿರ ಫೈಲಿನಲ್ಲಿ ಒಂದು ಊರಿನ ಹೆಸರು ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿ ನೋಡಿ, ಸಿಗುವುದಿಲ್ಲ. ಫೋನಿಗೆ ಕಳಿಸಿದರೆ ಕಾಣುವುದಿಲ್ಲ.

ಯೂನಿಕೋಡ್ ಬಂದದ್ದು 1991ರಲ್ಲಿ, ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಯೂನಿಕೋಡಿನಲ್ಲಿ ಕ ಅಂದ್ರೆ ಕ. ವಿಂಡೋಸಿನಲ್ಲೂ, ಲಿನಕ್ಸಿನಲ್ಲೂ, ಫೋನಿನಲ್ಲೂ ಅದೇ. ನುಡಿಯ ಹೊಸ ಆವೃತ್ತಿಗಳಲ್ಲೂ ಯೂನಿಕೋಡ್ ಇದೆ. ಆದರೂ ನಮ್ಮಲ್ಲಿ ಎಷ್ಟೋ ಜನ, ಎಷ್ಟೋ ಸರ್ಕಾರಿ ಕಚೇರಿ, ಎಷ್ಟೋ ಡಿಟಿಪಿ ಅಂಗಡಿ ಹಳೇ ಫಾಂಟಿಗೇ ಅಂಟಿಕೊಂಡಿವೆ. ಆ ಹಳೇ ನುಡಿ ನಡೆಯುವುದು ವಿಂಡೋಸಿನಲ್ಲಿ, ಹಾಗಾಗಿ ವಿಂಡೋಸ್ ಬಿಡುವ ಹಾಗಿಲ್ಲ. ಹೊಸ ವಿಂಡೋಸಿಗೆ ಹೊಸ ಮೆಶಿನ್ನು ಬೇಕು. ಹೊಸ ಮೆಶಿನ್ನಿಗೆ ದುಡ್ಡು ಬೇಕು. ನೋಡಿದ್ರಾ ಸರಪಳಿ? ನಮ್ಮದೇ ಮನವಿಯನ್ನು ನಾವು ಓದಲು ಯಾರದ್ದೋ ಅಂಗಡಿಗೆ ದುಡ್ಡು ಕಟ್ಟುತ್ತಾ ಇರಬೇಕು. ಅದಕ್ಕೇ ಕೇಳಿದ್ದು, ಕೀಲಿಕೈ ಯಾರ ಕೈಯಲ್ಲಿ ಅಂತ.

ಬಾಬಾಸಾಹೇಬರು 1920ರಲ್ಲಿ ಮೂಕನಾಯಕ ಪತ್ರಿಕೆ ಶುರು ಮಾಡಿದಾಗ, ಕಾಸು ಕೊಡ್ತೇವೆ ಅಂದರೂ ಅದರ ಜಾಹೀರಾತು ಹಾಕಲು ಕೇಸರಿ ಪತ್ರಿಕೆ ಒಪ್ಪಲಿಲ್ಲ. ಮುಂದೆ ಅವರು ಸ್ವಂತ ಮುದ್ರಣಾಲಯವನ್ನೇ ಕಟ್ಟಿದರು. ಬರೆಯುವವರು ನಾವು, ಅಚ್ಚಿನ ಮೆಶಿನ್ನು ಅವರದ್ದು ಅಂತಾದರೆ ಒಂದಲ್ಲ ಒಂದು ದಿನ ಬಾಯಿ ಮುಚ್ಚಿಸ್ತಾರೆ ಅಂತ ಅವರಿಗೆ ಗೊತ್ತಿತ್ತು. ನಮ್ಮ ಕಾಲದ ಅಚ್ಚಿನ ಮೆಶಿನ್ನು ಈ ಕಂಪ್ಯೂಟರು.

ಇಷ್ಟು ಹೇಳಿ ಲಿನಕ್ಸಿನ ಗೆಳೆಯರ ಬೆನ್ನು ಚಪ್ಪರಿಸಿ ಮುಗಿಸಿದರೆ ಅದು ಅರ್ಧ ಮಾತು. ಅವರಿಗೂ ಎರಡು ಮಾತು ಹೇಳಲಿಕ್ಕಿದೆ.

ಸ್ವಾತಂತ್ರ್ಯ, ಸಮುದಾಯ, ಹಂಚಿಕೆ ಅಂತ ಚೆಂದ ಮಾತಾಡ್ತೀರಿ. ನಿಮ್ಮ ಸಭೆ ನಡೆಯುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಬೆಂಗಳೂರಿನ ಕಾಲೇಜಿನಲ್ಲಿ, ಭಾನುವಾರ. ಭಾನುವಾರ ಕೂಲಿಗೆ ಹೋಗುವವಳು ಎಲ್ಲಿಂದ ಬರಬೇಕು? ಹೊಸಬರು ಪ್ರಶ್ನೆ ಕೇಳಿದರೆ "ಮೊದಲು ಓದಿಕೊಂಡು ಬಾ" ಅನ್ನುವ ಉತ್ತರ. ಆ ಧ್ವನಿ ನಮಗೆ ಹೊಸತಲ್ಲ. ಅಗ್ರಹಾರದ ಕಾಲದಿಂದ ಕೇಳಿದ್ದೇವೆ. ವಿದ್ಯೆ ಎಲ್ಲರದ್ದು ಅಂತ ಬೋರ್ಡು ಹಾಕಿ, ಬಾಗಿಲಲ್ಲಿ ಅರ್ಹತೆ ಕೇಳುವ ಚಾಳಿ ಅದು.

1974ರ ಭೂಸುಧಾರಣೆ ನೆನಪು ಮಾಡ್ಕೊಳ್ಳಿ. ಉಳುವವನೇ ಹೊಲದೊಡೆಯ ಅಂತ ದೇವರಾಜ ಅರಸು ಸರ್ಕಾರ ಕಾನೂನು ತಂದಿತು. ರಾಜ್ಯದಲ್ಲೇ ಅದು ಹೆಚ್ಚು ಚೆನ್ನಾಗಿ ಜಾರಿಯಾದದ್ದು ನಮ್ಮ ಅವಿಭಜಿತ ದಕ್ಷಿಣ ಕನ್ನಡದಲ್ಲಿ. ಡಿಕ್ಲರೇಶನ್ ಹಾಕಿದ ಒಕ್ಕಲುಗಳಿಗೆ ಭೂಮಿ ಬಂತು. ಆದ್ರೆ ಅದೇ ಗದ್ದೆಯಲ್ಲಿ ತಲೆತಲಾಂತರ ಕೆಸರು ತುಳಿದ ಮೂಲದಾಳು? ಅವನ ಹೆಸರಿನಲ್ಲಿ ಗೇಣಿಚೀಟಿ ಇರಲಿಲ್ಲ. ಅವನು ಒಕ್ಕಲು ಅಲ್ಲ, ಆಳು. ಡಿಕ್ಲರೇಶನ್ ಹಾಕಲು ಅವನಿಗೆ ಜಾಗವೇ ಇರಲಿಲ್ಲ. ಕಾನೂನು ಒಳ್ಳೆಯದೇ, ಆದ್ರೆ ಮೊದಲೇ ಒಂದು ಹಿಡಿತ ಇದ್ದವನಿಗೆ ಸಿಕ್ಕಿತು. ಸ್ವತಂತ್ರ ತಂತ್ರಾಂಶದ ಕತೆಯೂ ಹಾಗೆ ಆಗಬಾರದು. ಕಂಪ್ಯೂಟರ್ ಮೊದಲೇ ಬಲ್ಲವನಿಗೆ ಸ್ವಾತಂತ್ರ್ಯ, ಉಳಿದವರಿಗೆ ಬರೀ ಭಾಷಣ ಆಗಬಾರದು.

ಆದ್ರೆ ಇಲ್ಲಿ ಒಂದು ವ್ಯತ್ಯಾಸ ಇದೆ. ಲಿನಕ್ಸಿಗೆ ಗೇಣಿಚೀಟಿ ಕೇಳುವವರಿಲ್ಲ. ಟ್ರಿಬ್ಯೂನಲ್ ಇಲ್ಲ. ಯಾರ ಅಪ್ಪಣೆಯೂ ಬೇಡ. ಒಂದು ಪೆನ್‌ಡ್ರೈವ್ ಸಾಕು. ಬಾಗಿಲಲ್ಲಿ ನಿಂತವರ ಮುಖ ನೋಡಿ ವಾಪಸ್ ಬಂದರೆ ನಷ್ಟ ಅವರಿಗಲ್ಲ.

ತೊಂದರೆಗಳನ್ನು ಮುಚ್ಚಿಡುವುದಿಲ್ಲ. ಟ್ಯಾಲಿ ಬೇಕಾದವರಿಗೆ ವಿಂಡೋಸ್ ಬೇಕು. ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಮೆಶಿನ್ನು ಇವುಗಳ ಹಲವು ತಂತ್ರಾಂಶ ವಿಂಡೋಸಿಗೆ ಮಾತ್ರ ಬರುತ್ತದೆ. ಕೆಲವು ಹಳೇ ಪ್ರಿಂಟರು ಲಿನಕ್ಸಿನಲ್ಲಿ ಹಠ ಮಾಡ್ತವೆ, ತಕೊಳ್ಳುವ ಮೊದಲೇ ವಿಚಾರಿಸಬೇಕು. ಪೇಜ್‌ಮೇಕರಿನಲ್ಲಿ ಕರಪತ್ರ ಮಾಡಿ ಅಭ್ಯಾಸ ಇದ್ದವರು ಸ್ಕ್ರೈಬಸ್ ಕಲಿಯಬೇಕು, ಕೈ ಕೂರಲು ದಿನ ಹಿಡಿಯುತ್ತದೆ. ಪ್ರತಿದಿನ ಜನ ಕ್ಯೂ ನಿಲ್ಲುವ ಸೇವಾ ಕೇಂದ್ರ ನಡೆಸುವವರಿಗೆ ನಾಳೆಯೇ ವಿಂಡೋಸ್ ಕಿತ್ತು ಬಿಸಾಡಿ ಅಂತ ನಾನು ಹೇಳುವುದಿಲ್ಲ. ಅವರ ಅನ್ನ ಅದರಲ್ಲಿದೆ.

ಹಾಗೇ ಸುಲಭ ಇರುವುದನ್ನೂ ಹೇಳಬೇಕು. ಕೈಗೆ ಅಭ್ಯಾಸವಾದ ನುಡಿ ಕೀಲಿಮಣೆ ಬಿಡಬೇಕಾಗಿಲ್ಲ. ಅದೇ ಕಗಪ ವಿನ್ಯಾಸ ಲಿನಕ್ಸಿನೊಳಗೇ ಇದೆ, ಸೆಟ್ಟಿಂಗಿನಲ್ಲಿ ಆರಿಸಿಕೊಂಡರೆ ಆಯ್ತು. ಪತ್ರ ಬರೆಯಲು, ಲೆಕ್ಕ ಇಡಲು ಲಿಬ್ರೆ ಆಫೀಸ್ ಸಾಕು. ಅದು ವಿಂಡೋಸಿನಲ್ಲೂ ಓಡುತ್ತದೆ, ಅಂದ್ರೆ ಮೊದಲು ಅದನ್ನು ಅಭ್ಯಾಸ ಮಾಡಿ ಆಮೇಲೆ ಸಿಸ್ಟಂ ಬದಲಿಸಬಹುದು. ಸ್ಕಾಲರ್‌ಶಿಪ್ ಅರ್ಜಿ, ಆರ್‌ಟಿಸಿ ನೋಡುವುದು, ಇಮೇಲ್, ಇವೆಲ್ಲ ಬ್ರೌಸರಿನ ಕೆಲಸ. ಫೈರ್‌ಫಾಕ್ಸ್ ಎಲ್ಲಿದ್ದರೂ ಫೈರ್‌ಫಾಕ್ಸೇ.

ಹಾಗಾದ್ರೆ ಮಾಡಬೇಕಾದ್ದೇನು? ನನ್ನ ಪ್ರಸ್ತಾಪ ಇದು. ಒಪ್ಪದವರು ಜಗಳ ಮಾಡಿ, ಆದ್ರೆ ವಾದ ಇಟ್ಟು ಜಗಳ ಮಾಡಿ.

ಮೊದಲು ಕಡತ, ಆಮೇಲೆ ಕಂಪ್ಯೂಟರು. ಇವತ್ತಿನಿಂದ ಹೊಸದಾಗಿ ಟೈಪ್ ಮಾಡುವ ಪ್ರತಿಯೊಂದು ಅಕ್ಷರ ಯೂನಿಕೋಡಿನಲ್ಲೇ ಆಗಬೇಕು, ವಿಂಡೋಸಿನಲ್ಲಿ ಟೈಪ್ ಮಾಡಿದರೂ ಸೈ. ಹಳೇ ನುಡಿ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನು ಕನ್ನಡದ ಹುಡುಗರೇ ಮಾಡಿ ಪುಕ್ಕಟೆ ಇಟ್ಟಿದ್ದಾರೆ. ಪರಿವರ್ತಿಸಿದ್ದನ್ನು ಕಣ್ಣು ಮುಚ್ಚಿ ನಂಬಬೇಡಿ. ಅರ್ಕಾವೊತ್ತು, ಒತ್ತಕ್ಷರ ಆಚೀಚೆ ಆಗ್ತವೆ. ಹೆಸರು, ಸರ್ವೆ ನಂಬರು, ತಾರೀಕು ಮೂರನ್ನೂ ಮೂಲ ಪ್ರತಿ ಪಕ್ಕದಲ್ಲಿಟ್ಟು ಓದಿ ತಾಳೆ ನೋಡಬೇಕು. ಅಕ್ಷರ ತಪ್ಪಿದರೆ ಕಚೇರಿಯವರು ಅರ್ಜಿ ವಾಪಸ್ ಕಳಿಸಲು ಅದೇ ನೆಪ ಸಾಕು. ಮೂಲ ಕಡತವನ್ನು ಅಳಿಸಬೇಡಿ. ಎಲ್ಲದರ ಪ್ರತಿ ಎರಡು ಬೇರೆ ಜಾಗದಲ್ಲಿ ಇರಲಿ.

ಎರಡನೆಯದು, ನಾಲ್ಕರಲ್ಲಿ ಮೂರಕ್ಕೆ ಲಿನಕ್ಸ್. ಒಂದನ್ನು ಲೈಸೆನ್ಸ್ ಇರುವ ವಿಂಡೋಸಿನಲ್ಲೇ ಉಳಿಸುವ, ವಿಂಡೋಸ್ ಬಿಟ್ಟರೆ ಆಗದ ಕೆಲಸಕ್ಕೆ ಮಾತ್ರ. ಭೂಮಿ ಕಡತ, ದೌರ್ಜನ್ಯದ ಕಡತ ಅದರಲ್ಲಿ ಇಡುವುದಿಲ್ಲ.

ಮೂರನೆಯದು, ಕಲಿಸುವುದು. ಬೆಂಗಳೂರಿನಿಂದ ಯಾರೋ ಬರಲಿ ಅಂತ ಕಾಯುವುದಲ್ಲ. ಹಾಸ್ಟೆಲಿನ ಇಬ್ಬರು ಹುಡುಗಿಯರು ಕಲಿತರೆ ಅವರು ಇಪ್ಪತ್ತು 'ಜನರಿಗೆ ಕಲಿಸ್ತಾರೆ. ಕುಂದಗನ್ನಡದಲ್ಲೇ ಕಲಿಸಲಿ. "ಇಲ್ಲ್ ಒತ್ತ್, ಅಲ್ಲ್ ಕಾಣ್" ಅಂದ್ರೆ ಲಿನಕ್ಸಿಗೆ ಬೇಜಾರಿಲ್ಲ. ಇನ್‌ಸ್ಟಾಲ್ ಮಾಡುವುದನ್ನೂ ಅವರೇ ಮಾಡಲಿ. ಗಂಡು ಹುಡುಗರು ಸರಿದು ನಿಂತು ನೋಡಲಿ.

ನಾಲ್ಕನೆಯದು, ಸರ್ಕಾರಕ್ಕೆ ಕೇಳುವುದು. ತಾಲೂಕಿನ ಪರಿಶಿಷ್ಟರ ಕುಂದುಕೊರತೆ ಸಭೆಯಲ್ಲಿ ರಸ್ತೆ, ನೀರು, ಸ್ಮಶಾನದ ಜೊತೆಗೆ ಇದನ್ನೂ ಎತ್ತುವ. ನಮಗೆ ಕೊಡುವ ಹಿಂಬರಹ, ಆದೇಶ, ಫಲಾನುಭವಿ ಪಟ್ಟಿ ಎಲ್ಲ ಯೂನಿಕೋಡಿನಲ್ಲಿ, ಹುಡುಕಲು ಬರುವ ಹಾಗೆ ಇರಲಿ. ಸರ್ಕಾರದ ಸೇವೆ ಪಡೆಯಲು ಒಂದು ಖಾಸಗಿ ಕಂಪನಿಯ ತಂತ್ರಾಂಶ ಇರಲೇಬೇಕು ಎಂಬ ಸ್ಥಿತಿ ಹೋಗಲಿ. ಪರಿಶಿಷ್ಟರ ಉಪಯೋಜನೆಯ ಹಣದಲ್ಲಿ ಹಾಸ್ಟೆಲುಗಳಿಗೆ, ತರಬೇತಿಗೆ ಕಂಪ್ಯೂಟರ್ ಕೊಂಡಾಗ ಲೈಸೆನ್ಸಿಗೆ ಎಷ್ಟು ಹೋಯಿತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳುವ. 2013ರ ಕಾಯ್ದೆಯ 7ಡಿ ಕಲಮನ್ನು ತೆಗೆಸಲು ನಾವು ಎಷ್ಟು ವರ್ಷ ಗುದ್ದಾಡಿದ್ದು? 2023ರಲ್ಲಿ ಅದು ಹೋಯಿತು. ನಮ್ಮ ಹಣ ನಮಗೇ ಖರ್ಚಾಗಬೇಕು ಅಂತಲೇ ಆ ಹೋರಾಟ. ಅದೇ ಪ್ರಶ್ನೆಯ ಇನ್ನೊಂದು ಎಳೆ ಇದು.

ಹ್ವಾಯ್, ಕೊನೆಗೊಂದು ಮಾತು. ಕೊಲೆ, ಬಹಿಷ್ಕಾರ, ಭೂಮಿ ಕಬಳಿಕೆ ನಡೀತಿರುವಾಗ ಕಂಪ್ಯೂಟರ್ ಬಗ್ಗೆ ಬರೀತಾನಲ್ಲ ಅಂತ ಕೆಲವರು ಕಮೆಂಟ್ ಹಾಕ್ತೀರಿ, ಗೊತ್ತು. ಆ ಕೊಲೆಯ ದೂರು, ಆ ಬಹಿಷ್ಕಾರದ ಸಾಕ್ಷಿ, ಆ ಭೂಮಿಯ ಸರ್ವೆ ನಂಬರು ಇರುವುದು ಈ ಕಂಪ್ಯೂಟರಿನಲ್ಲೇ. ನಮ್ಮ ಅಜ್ಜಂದಿರಿಗೆ ಕಾಗದ ಇರಲಿಲ್ಲ, ಹಾಗಾಗಿ ಭೂಮಿ ಸಿಗಲಿಲ್ಲ. ನಮ್ಮ ಹತ್ರ ಕಾಗದ ಇದೆ. ಅದನ್ನು ನಾಳೆ ತೆರೆಯಲು ಆಗದ ಹಾಗೆ ಇಟ್ಟುಕೊಂಡರೆ ಇದ್ದೂ ಇಲ್ಲದ ಹಾಗೆ.

ಬರುವ ಎರಡನೇ ಶನಿವಾರ ಕಚೇರಿಯಲ್ಲಿ ಮೊದಲ ಮೆಶಿನ್ನಿಗೆ ಲಿನಕ್ಸ್ ಹಾಕುತ್ತೇವೆ. ಹಳೇ ಲ್ಯಾಪ್‌ಟಾಪ್ ಮೂಲೆಯಲ್ಲಿ ಇಟ್ಟವರು ತನ್ನಿ. ಪೆನ್‌ಡ್ರೈವ್ ಇದ್ದವರು ತನ್ನಿ. ಬೇರೆ ಊರಿನ ಸಂಗಾತಿಗಳು ನಿಮ್ಮ ಕಚೇರಿಯಲ್ಲಿ ಹಳೇ ಫಾಂಟಿನ ಕಡತ ಎಷ್ಟಿದೆ ಅಂತ ಎಣಿಸಿ ಕಮೆಂಟಿನಲ್ಲಿ ಬರೆಯಿರಿ. ಆ ಎಣಿಕೆಯಿಂದಲೇ ಕೆಲಸ ಶುರು.

ಜೈ ಭೀಮ್.